ನೆಗಡಿಯ ಬೆನ್ನಿಗೆ ಸೋಲುವ ನರಗಳು

ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ 15 ವರ್ಷದೊಳಗಿನ ಮಗುವಿನ ಕಾಲು ದಿಢೀರನೆ ಬಲ ಕಳೆದುಕೊಂಡರೆ, ಮಲದ ಎರಡು ಮಾದರಿಗಳನ್ನು ಪೋಲಿಯೊ ಪರೀಕ್ಷೆಗೆ ಕಳಿಸಬೇಕು. ಭಾರತ 2014ರಲ್ಲಿ ಪೋಲಿಯೊಮುಕ್ತವೆನಿಸಿದರೂ ಈ ಕಾವಲು ನಿಂತಿಲ್ಲ. ಆದರೆ ಇಂದು ಇಂಥ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಗಿಲನ್-ಬಾರೆ ಸಿಂಡ್ರೋಮ್.

ಇವೆರಡನ್ನು ಬೇರ್ಪಡಿಸುವ ಸುಳಿವು ಸಿಕ್ಕಿದ್ದು ಯುದ್ಧಭೂಮಿಯಲ್ಲಿ. ಪಾದದಿಂದ ಮೇಲೇರುವ ನಿಶ್ಶಕ್ತಿಯನ್ನು ಫ್ರಾನ್ಸಿನ ಲಾಂಡ್ರಿ 1859ರಲ್ಲೇ ವರ್ಣಿಸಿದ್ದರು. 1916ರಲ್ಲಿ ಗಿಲನ್, ಬಾರೆ, ಸ್ಟ್ರೋಲ್ ಇಬ್ಬರು ಸೈನಿಕರ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಪರೀಕ್ಷಿಸಿದರು. ಪ್ರೋಟೀನು ಹೆಚ್ಚಿತ್ತು, ಜೀವಕೋಶಗಳು ಹೆಚ್ಚಿರಲಿಲ್ಲ. ಪೋಲಿಯೊದಲ್ಲಾದರೆ ಕೋಶಗಳು ಹೆಚ್ಚುತ್ತವೆ. (ನರಗಳ ಪ್ರತಿವರ್ತನೆಯನ್ನು ದಾಖಲಿಸಿದ ಸ್ಟ್ರೋಲ್ ಹೆಸರು ಕಾಯಿಲೆಗೆ ಅಂಟದೇ ಹೋದದ್ದು ಅನ್ಯಾಯವೇ ಸರಿ!)

ಮೂವರು ರೋಗಿಗಳಲ್ಲಿ ಸುಮಾರು ಇಬ್ಬರಿಗೆ ಕೆಲವೇ ವಾರಗಳ ಹಿಂದೆ ನೆಗಡಿ-ಕೆಮ್ಮೋ ಭೇದಿಯೋ ಬಂದುಹೋಗಿರುತ್ತದೆ. ರೋಗಾಣುವಿನ ವಿರುದ್ಧ ಎದ್ದ ಪ್ರತಿಕಾಯಗಳು ನರವನ್ನೇ ಶತ್ರುವೆಂದು ಬಗೆಯುತ್ತವೆ. ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್‌ನ ಹೊರಮೈ ನರದ ಕೊಬ್ಬಿನಂಶವನ್ನು ಹೋಲುವುದು ರುಜುವಾತಾಗಿದೆ. ಫ್ಲೂ ವೈರಸ್ಸಿನ ಮಟ್ಟಿಗೆ ಚಿತ್ರ ಅಷ್ಟು ಸ್ಪಷ್ಟವಿಲ್ಲ.

ಶಿಕ್ಷಕರೇ, ಕೆಮ್ಮು ವಾಸಿಯಾಗಿ ಶಾಲೆಗೆ ಮರಳಿದ ಮಗು ಮೆಟ್ಟಿಲಲ್ಲಿ ಮುಗ್ಗರಿಸತೊಡಗಿದರೆ ಸೋಮಾರಿತನವೆಂದು ಗದರಬೇಡಿ. ಅಂದೇ ಆಸ್ಪತ್ರೆಗೆ ಕಳಿಸಿ. ನಿಶ್ಶಕ್ತಿ ಉಸಿರಾಟದ ಸ್ನಾಯುಗಳಿಗೂ ಏರಬಹುದು. ತುಮಕೂರಿನಿಂದ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ಲಾಸ್ಮಾ ಬದಲಾಯಿಸುವ ಚಿಕಿತ್ಸೆಯಿದೆ. ಮೊದಲ ಎರಡು ವಾರಗಳೊಳಗೆ ಆರಂಭಿಸಿದರೆ ಅದರ ಫಲ ಹೆಚ್ಚು.