ಪ್ರಾಜೆಕ್ಟ್ ಎಕ್ಸೈಲ್

ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ 1997ರಲ್ಲಿ ಆರಂಭವಾದ ಬಂದೂಕು ಅಪರಾಧ ನಿಗ್ರಹ ಕಾರ್ಯಕ್ರಮ. 1990ರ ದಶಕದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಆ ದೇಶದಲ್ಲೇ ಅತಿ ಹೆಚ್ಚು ಕೊಲೆಗಳಾಗುತ್ತಿದ್ದ ನಗರಗಳಲ್ಲಿ ರಿಚ್ಮಂಡ್ ಒಂದಾಗಿತ್ತು. ಹೊಸ ಕಾಯಿದೆ ತರುವ ಬದಲು ಇರುವುದನ್ನೇ ಬಿಗಿಯಾಗಿ ಬಳಸುವುದು ಇದರ ತಂತ್ರ. ಹಿಂದೆ ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು ಬಂದೂಕಿನೊಂದಿಗೆ ಸಿಕ್ಕಿಬಿದ್ದರೆ, ಅಥವಾ ಮಾದಕವಸ್ತು ಮಾರಾಟದ ಜೊತೆ ಬಂದೂಕೂ ಇದ್ದರೆ, ಮೊಕದ್ದಮೆ ರಾಜ್ಯದ ನ್ಯಾಯಾಲಯದಿಂದ ಫೆಡರಲ್ ನ್ಯಾಯಾಲಯಕ್ಕೆ ಹೋಗುತ್ತಿತ್ತು. ಅಲ್ಲಿ ಜಾಮೀನು ಕಷ್ಟ, ಪರೋಲ್ ಇಲ್ಲ, ಸೆರೆವಾಸ ದೂರದ ಊರಲ್ಲಿ. ಹೆಸರಿನಲ್ಲಿರುವ 'ಎಕ್ಸೈಲ್', ಅಂದರೆ ಗಡೀಪಾರು, ಇದೇ. ಅಕ್ರಮ ಬಂದೂಕಿಗೆ ಐದು ವರ್ಷ ಜೈಲು ಎಂಬ ಎಚ್ಚರಿಕೆ ಬಸ್ಸುಗಳ ಮೇಲೂ ಜಾಹೀರಾತು ಫಲಕಗಳ ಮೇಲೂ ರಾರಾಜಿಸಿತು.

ಬಂದೂಕು ಹಕ್ಕಿನ ಪರವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಮತ್ತು ಅದರ ಕಡು ವಿರೋಧಿ ಹ್ಯಾಂಡ್‌ಗನ್ ಕಂಟ್ರೋಲ್ ಸಂಸ್ಥೆ ಎರಡೂ ಇದನ್ನು ಬೆಂಬಲಿಸಿದ್ದು ಅಪರೂಪದ ಸಂಗತಿ. ಆದರೆ ಒಮ್ಮತ ಅಲ್ಲಿಗೇ ನಿಂತಿತು: ಶಿಕ್ಷೆ ಬಿಗಿಯಾದರೆ ಹೊಸ ನಿಯಂತ್ರಣ ಬೇಡ ಎಂದು ಮೊದಲನೆಯವರು, ಮಾರಾಟದ ಹಂತದಲ್ಲೇ ತಪಾಸಣೆ ಬೇಕೆಂದು ಎರಡನೆಯವರು ವಾದಿಸಿದರು. ಸ್ಥಳೀಯ ಪ್ರಕರಣಗಳು ಫೆಡರಲ್ ನ್ಯಾಯಾಲಯವನ್ನು ತುಂಬುತ್ತಿವೆ ಎಂದು ಕೆಲ ನ್ಯಾಯಾಧೀಶರು ಗೊಣಗಿದರು. ಆರೋಪಿಗಳಲ್ಲಿ ಕಪ್ಪುಜನರೇ ಹೆಚ್ಚೆಂಬ ಆಕ್ಷೇಪ ಅದಕ್ಕಿಂತ ಗಂಭೀರವಾದುದು.

ಕೊಲೆಗಳು ಇಳಿದದ್ದು ನಿಜ, ಕಾರಣ ವಿವಾದಾಸ್ಪದ. ಉತ್ತುಂಗಕ್ಕೇರಿದ ಪ್ರಮಾಣ ಹೇಗೂ ಇಳಿಯುತ್ತಿತ್ತು ಎಂದು ಅರ್ಥಶಾಸ್ತ್ರಜ್ಞರಾದ ಸ್ಟೀವನ್ ರಫೇಲ್ ಮತ್ತು ಜೆನ್ಸ್ ಲುಡ್ವಿಗ್ 2003ರಲ್ಲಿ ವಾದಿಸಿದರು. 2005ರ ಮತ್ತೊಂದು ಅಧ್ಯಯನ ಕಾರ್ಯಕ್ರಮಕ್ಕೆ ಸ್ವಲ್ಪ ಶ್ರೇಯ ನೀಡಿತು. 2001ರಲ್ಲಿ ಬುಷ್ ಸರ್ಕಾರ ಆರಂಭಿಸಿದ ರಾಷ್ಟ್ರವ್ಯಾಪಿ 'ಪ್ರಾಜೆಕ್ಟ್ ಸೇಫ್ ನೇಬರ್‌ಹುಡ್ಸ್' ಯೋಜನೆಗೆ ಇದೂ ಒಂದು ಮಾದರಿ.