ದಲ್ಲಾಳಿಯನ್ನು ಆರಿಸುವ ಬಗೆ

ಮುಂಬಯಿಯ ಟೌನ್‌ಹಾಲಿನ ಎದುರಿಗೆ, ಈಗ ಹಾರ್ನಿಮನ್ ವೃತ್ತವೆನಿಸಿಕೊಂಡಿರುವ ಸ್ಥಳದಲ್ಲಿ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆಲದ ಮರಗಳ ನೆರಳಿನಲ್ಲಿ ನಿಂತು ಶೇರುಗಳ ಕ್ರಯವಿಕ್ರಯ ನಡೆಸುತ್ತಿದ್ದ ದಲ್ಲಾಳಿಗಳಿಗೆ ಕಚೇರಿಯೂ ಇರಲಿಲ್ಲ, ಫಲಕವೂ ಇರಲಿಲ್ಲ. ಅವರಲ್ಲೊಬ್ಬನನ್ನು ಆರಿಸಿಕೊಳ್ಳಬೇಕಾದ ಹೊಸಬನಿಗೆ ಅವನ ಮನೆತನ ಮತ್ತು ಅವನನ್ನು ಬಲ್ಲವರಾಡುವ ನಾಲ್ಕು ಒಳ್ಳೆಯ ಮಾತು, ಇವಿಷ್ಟೇ ಪ್ರಮಾಣ.

ಆ ಪ್ರಮಾಣ ಎಷ್ಟು ದುರ್ಬಲವೆಂಬುದು 1865ರಲ್ಲಿ ಬಯಲಾಯಿತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಲ್ಯಾಂಕಷೈರಿನ ಗಿರಣಿಗಳಿಗೆ ದೊರೆಯದಂತಾಗಿ, ಮುಂಬಯಿಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದು, ಆ ಹಣ ಕಡಲನ್ನು ಹೂಳಿ ಭೂಮಿ ಮಾಡುವೆವೆಂದ ಕಂಪೆನಿಗಳತ್ತ ಹೊಳೆಯಂತೆ ಹರಿದಿತ್ತು. ದಲ್ಲಾಳಿ ಪ್ರೇಮಚಂದ ರಾಯಚಂದರ ಹೆಸರು ಕೇಳಿದರೆ ಸಾಕು, ಜನ ಕಣ್ಣುಮುಚ್ಚಿ ಥೈಲಿ ಬಿಚ್ಚುತ್ತಿದ್ದರು. ಯುದ್ಧ ಮುಗಿಯಿತು, ಹತ್ತಿ ಇಳಿಯಿತು. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು 87ಕ್ಕೆ ಕುಸಿಯಿತು. ಹತ್ತು ವರ್ಷಗಳ ತರುವಾಯ, 1875ರಲ್ಲಿ, ತಲಾ 1 ರೂಪಾಯಿ ಪ್ರವೇಶ ಶುಲ್ಕ ತೆತ್ತ 318 ಮಂದಿ ದಲ್ಲಾಳಿಗಳು ಸಂಘ ಕಟ್ಟಿಕೊಂಡರು. ಅದು ದಲ್ಲಾಳಿಗಳ ಹಿತಕ್ಕಾಗಿ ಹುಟ್ಟಿದ ಸಂಘ. ಗಿರಾಕಿಯ ನೆನಪು ಬಹುಕಾಲದ ಮೇಲೆ ಬಂದಿತೆಂದರೆ ಅನ್ಯಾಯದ ಮಾತಾಗದು.

ಬೆಂಗಳೂರಿಗೆ ತನ್ನದೇ ಶೇರು ವಿನಿಮಯ ಕೇಂದ್ರ ದೊರೆತುದು 1963ರಲ್ಲಿ. ಆಗಲೂ ಶೇರೆಂದರೆ ಕಾಗದವೇ. ನಮ್ಮ ದೊಡ್ಡಪ್ಪನವರ ತಗಡಿನ ಟ್ರಂಕಿನಲ್ಲಿ, ಪಂಚೆಗಳ ಅಡಿಯಲ್ಲಿ, ನುಸಿಗುಳಿಗೆಯ ವಾಸನೆ ಹಿಡಿದ ಅಂಥ ನಾಲ್ಕಾರು ಪತ್ರಗಳಿದ್ದುವು. ಮಗಳ ಮದುವೆಗೆಂದು ಮಾರಿದಾಗ, ಸಹಿಯ ಕೊನೆಯ ಗೀಟು ಹಳೆಯ ಸಹಿಯೊಡನೆ ತಾಳೆಯಾಗದೆ, ‘ಬ್ಯಾಡ್ ಡೆಲಿವರಿ’ ಎಂಬ ಷರಾ ಹೊತ್ತು ಅವು ಹಿಂದಿರುಗಿದುವು. ಮುದುಕರ ಕೈ ನಡುಗುವುದೂ ಅಪರಾಧವೇ ಎಂದು ಅವರು ಕೇಳಿದುದಕ್ಕೆ ದಲ್ಲಾಳಿಯ ಬಳಿ ಉತ್ತರವಿರಲಿಲ್ಲ.

1994ರಲ್ಲಿ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರವು ಶೇರು ವ್ಯಾಪಾರವನ್ನು ಗಣಕಯಂತ್ರದ ಪರದೆಗೆ ತಂದಿತು. 2000ದಲ್ಲಿ ಅಂತರ್ಜಾಲದ ಮೂಲಕವೂ ಕೊಳ್ಳಲು ಅನುಮತಿ ದೊರೆಯಿತು. 2010ರಲ್ಲಿ ಬೆಂಗಳೂರಿನಲ್ಲಿಯೇ ಜನ್ಮತಾಳಿದ ಜೆರೋಧಾ ಎಂಬ ದಲ್ಲಾಳಿ ಸಂಸ್ಥೆ, ವ್ಯವಹಾರದ ಗಾತ್ರವನ್ನೆಣಿಸದೆ ಇಂತಿಷ್ಟೇ ದಲ್ಲಾಳಿ ಶುಲ್ಕವೆಂಬ ಪದ್ಧತಿಯನ್ನು ಬೆಳೆಸಿತು. ಅದೇ ಊರಿನ ವಿನಿಮಯ ಕೇಂದ್ರ 2014ರಲ್ಲಿ ಬಾಗಿಲು ಹಾಕಿಕೊಂಡಿತು.

ಇಂದಿನ ಹೊಸಬರು ಶುಲ್ಕದ ಪಟ್ಟಿಗಳನ್ನು ಹರಡಿಕೊಂಡು, ಇಲ್ಲಿ 20 ರೂಪಾಯಿ, ಅಲ್ಲಿ 15 ಎಂದು ತೂಗಿನೋಡುವುದನ್ನು ಕಂಡಾಗ, ಎಲ್ಲಕ್ಕಿಂತ ಮಹತ್ತರವಾದ ಪರಿವರ್ತನೆ ಅವರ ಕಣ್ತಪ್ಪಿತಲ್ಲಾ ಎನಿಸುತ್ತದೆ. ಅದು 1996ರ ಡಿಪಾಸಿಟರಿ ಕಾಯಿದೆ. ಅದು ಬಂದ ಮೇಲೆ ಶೇರು ಟ್ರಂಕಿನಲ್ಲಿಯೂ ಇರಬೇಕಾಗಿಲ್ಲ, ದಲ್ಲಾಳಿಯ ತಿಜೋರಿಯಲ್ಲಿಯೂ ಇರಬೇಕಾಗಿಲ್ಲ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿ ಸಂಸ್ಥೆಯ ಲೆಕ್ಕದಲ್ಲಿ ಕೊಂಡವನ ಹೆಸರಿನಲ್ಲಿಯೇ ಇರುತ್ತದೆ. ಆದುದರಿಂದ ಖಾತೆ ತೆರೆಯುವ ಮುನ್ನ ದಲ್ಲಾಳಿಯ ನೋಂದಣಿ ಸಂಖ್ಯೆಯನ್ನು ಶೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಪಟ್ಟಿಯಲ್ಲಿ ಹುಡುಕಿರಿ. ತೆರೆದ ಮೇಲೆ, ಆ್ಯಪ್ ತೋರಿಸುವ ಲೆಕ್ಕವನ್ನು ಡಿಪಾಸಿಟರಿಯಿಂದ ನೇರವಾಗಿ ಬರುವ ಲೆಕ್ಕಪಟ್ಟಿಯೊಡನೆ ತಿಂಗಳಿಗೊಮ್ಮೆ ತಾಳೆ ನೋಡಿರಿ. ಶುಲ್ಕದ ಚೌಕಾಸಿ ಆಮೇಲೆ ನಡೆಯಲಿ.