ಪರದೆಯ ಮೇಲಿನ ಪೋಲಿ: ಗಡಿಸೀಮೆಯ ಕಿಳ್ಳೇಕ್ಯಾತ ಮತ್ತು ಟಿವಿ ಬಿಟ್ಟ ಮಾತು

ಗಣಪತಿ, ಸರಸ್ವತಿಯರ ಸ್ತುತಿ ಮುಗಿಯುತ್ತಲೇ ತೊಗಲುಗೊಂಬೆಯಾಟದ ಪರದೆಗೆ ನುಗ್ಗುವವನು ರಾಮನಲ್ಲ, ಕಿಳ್ಳೇಕ್ಯಾತ. ಕಪ್ಪು ಮೈ, ಡೊಳ್ಳುಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು. ಕೆಲವು ಗೊಂಬೆಗಳಲ್ಲಿ ಅಲುಗಾಡುವ ಶಿಶ್ನವೂ ಉಂಟು. ಅವನ ಬೆನ್ನಿಗೇ ಹೆಂಡತಿ ಬಂಗಾರಕ್ಕ. ಆಮೇಲೆ ಬೈಗುಳ, ಕುಣಿತ, ಮುಚ್ಚುಮರೆಯಿಲ್ಲದ ಮಾತು. ಆಟ ಆಡಿಸುವ ಸಮುದಾಯವನ್ನು ಜನ ಗುರುತಿಸುವುದೂ ಇವನ ಹೆಸರಿನಿಂದಲೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ನಿಂತು ನೋಡಿದರೆ ಈ ಜೋಡಿಯ ಹರವು ತಿಳಿಯುತ್ತದೆ. ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ಕಿಳ್ಳೇಕ್ಯಾತರ ಮನೆಮಾತು ಮರಾಠಿ ಮೂಲದ್ದು, ಆಟದ ಮಾತು ಕನ್ನಡ. ಗಡಿಯಾಚೆ ಅಂಥದೇ ಮನೆಮಾತಿನ ಕಲಾವಿದರು ತೆಲುಗಿನಲ್ಲಿ ತೋಲುಬೊಮ್ಮಲಾಟ ಆಡಿಸುತ್ತಾರೆ. ಧರ್ಮಾವರದ ಬಳಿಯ ನಿಮ್ಮಲಕುಂಟ ಅಂಥವರ ಊರು. ಅಲ್ಲಿಯ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆ ಆಟದಲ್ಲಿ ಗಂಡನ ಹೆಸರು ಜುಟ್ಟುಪೋಲಿಗಾಡು. ಹೆಂಡತಿ ಮಾತ್ರ ಅಲ್ಲಿಯೂ ಬಂಗಾರಕ್ಕನೇ! ಭಾಷೆ ಬದಲಾದರೂ ಅವಳ ಹೆಸರು ಬದಲಾಗಲಿಲ್ಲ.

ಈ ಪೋಲಿತನವನ್ನು ಕಥೆಗೆ ಅಂಟಿಸಿದ ಒಗ್ಗರಣೆಯೆಂದು ಬಗೆದರೆ ಆಟವೇ ಅರ್ಥವಾಗದು. ಮೇಕೆ ಚರ್ಮವನ್ನು ಬೆಳಕು ಹಾಯುವಷ್ಟು ಹದಮಾಡಿ, ಬಣ್ಣ ತುಂಬಿ, ಸೀಳಿದ ಬಿದಿರುಕಡ್ಡಿಗೆ ಸಿಕ್ಕಿಸಿದ ರಾಮ ರಾವಣರು ಪುರಾಣದ ಭಾಷೆಯಲ್ಲಿ ಮಾತಾಡುತ್ತಾರೆ. ಕಿಳ್ಳೇಕ್ಯಾತನದು ಊರಿನ ಭಾಷೆ, ಊರಿನ ಸುದ್ದಿ. ಊರಗೌಡನನ್ನೂ ಅವನು ಬಿಡುವುದಿಲ್ಲ. ಹೆಣ್ಣು ಪಾತ್ರಗಳಿಗೆ ದನಿ ಕೊಡುವವರು ಆಟ ಆಡಿಸುವ ಕುಟುಂಬದ ಹೆಂಗಸರೇ ಆದ್ದರಿಂದ, ಬೇರೆಲ್ಲೂ ಆಡಲಾಗದ ಮಾತನ್ನು ಒಬ್ಬ ಹೆಣ್ಣು ಊರಮುಂದೆ, ದೇವರ ಕಥೆಯ ನಡುವೆ, ರಾಗವಾಗಿ ಆಡಬಲ್ಲಳು. ಮಳೆ ಹೋದ ವರ್ಷ ಈ ಆಟ ಆಡಿಸುವುದು ಬಯಲುಸೀಮೆಯ ಹಳೆಯ ವಾಡಿಕೆ. ಬರಕ್ಕೆ ಹೆಸರಾದ ನಾಡಿನಲ್ಲಿ ಫಲವಂತಿಕೆಯ ಬಯಕೆಗೂ ಈ ಬೆತ್ತಲೆ ಮಾತಿಗೂ ನಂಟಿದೆಯೆಂದು ಓದುವುದೇ ಸರಿ. ಆಂಧ್ರದ ಆಟಗಳನ್ನು ಅಧ್ಯಯನ ಮಾಡಿದ ಜೊನಾಥನ್ ಗೋಲ್ಡ್‌ಬರ್ಗ್-ಬೆಲ್ ಕೂಡ ಪ್ರದರ್ಶನದ ಲಗಾಮು ವಿದೂಷಕರ ಕೈಯಲ್ಲಿದೆ ಎಂದೇ ವಾದಿಸಿದರು.

ಟಿವಿ ಈ ಬಗೆಯ ಗೊಂಬೆಗೆ ಹೆದರಲೇಬೇಕೆಂದಿರಲಿಲ್ಲ. 1975ರಲ್ಲಿ ಅಮೆರಿಕದ ಜಿಮ್ ಹೆನ್ಸನ್ ತಮ್ಮ ಮಪೆಟ್ ಗೊಂಬೆಗಳ ಪ್ರಾಯೋಗಿಕ ಕಂತಿಗೆ ‘ಸೆಕ್ಸ್ ಅಂಡ್ ವಯಲೆನ್ಸ್’ ಎಂದೇ ಹೆಸರಿಟ್ಟರು. 1984ರಲ್ಲಿ ಶುರುವಾದ ಬ್ರಿಟನ್ನಿನ ‘ಸ್ಪಿಟಿಂಗ್ ಇಮೇಜ್’ ಪ್ರಧಾನಿ ಥ್ಯಾಚರ್ ಅವರ ಗೊಂಬೆಗೆ ಗಂಡಸರ ಸೂಟು ತೊಡಿಸಿತು.

ನಮ್ಮಲ್ಲಿ ಆದದ್ದು ಬೇರೆ. 1987ರ ಜನವರಿಯಿಂದ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಬಂತು. ಗೌಡನನ್ನು ಕೆಣಕುವ ಕ್ಯಾತನಿಗೆ ಅದರಲ್ಲಿ ಜಾಗವಿರಲಿಲ್ಲ. ಇಡೀ ರಾತ್ರಿಯ ಆಟವನ್ನು ಉತ್ಸವದ ವೇದಿಕೆಗೆ ಅರ್ಧ ಗಂಟೆಗೆ ಇಳಿಸುವಾಗಲೂ ಸುಲಭವಾಗಿ ಕತ್ತರಿಗೆ ಸಿಗುವವರು ಅವನು, ಬಂಗಾರಕ್ಕ. ಇದು ಸಣ್ಣ ನಷ್ಟವಲ್ಲ.

ಕರ್ನಾಟಕ ಚಿತ್ರಕಲಾ ಪರಿಷತ್ತಿಗಾಗಿ ಎಂ. ಎಸ್. ನಂಜುಂಡರಾವ್ ಅವರು ಸಂಗ್ರಹಿಸಿದ ತೊಗಲುಗೊಂಬೆಗಳಿಂದ ಈ ಕಲೆಯ ರೂಪ, ಬಣ್ಣ, ಕತ್ತರಿಕೆ ಉಳಿದಿವೆ. ದನಿಗೂ ಅಷ್ಟೇ ಆಸ್ಥೆ ಬೇಕು. ಪಾವಗಡದ ಕಡೆಯ ಕನ್ನಡದ ಬಂಗಾರಕ್ಕನನ್ನೂ ನಿಮ್ಮಲಕುಂಟದ ತೆಲುಗಿನ ಬಂಗಾರಕ್ಕನನ್ನೂ ಪೂರ್ತಿ ರಾತ್ರಿಯ ಆಟದಲ್ಲಿ, ಒಂದು ಬೈಗುಳವನ್ನೂ ಕತ್ತರಿಸದೆ, ಒಟ್ಟಿಗೆ ಧ್ವನಿಮುದ್ರಿಸಿ ಹೋಲಿಸುವುದು ಜಾನಪದ ಸಂಶೋಧಕರು ಮೊದಲು ಕೈಗೆತ್ತಿಕೊಳ್ಳಬೇಕಾದ ಕೆಲಸ.